ಕಿವಿಯೊಳಗಿನ ಗುಂಯ್ ಎಲ್ಲಿಂದ ಬರುತ್ತದೆ?

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಶೆಡ್ಡುಗಳಲ್ಲಿ ವರ್ಷಗಟ್ಟಲೆ ದುಡಿದವರನ್ನು ಮಾತಾಡಿಸಿ ನೋಡಿ. ಮಷಿನ್ ನಿಲ್ಲಿಸಿ ಮನೆಗೆ ಬಂದರೂ ತಲೆಯೊಳಗೆ ಅದು ಓಡುತ್ತಲೇ ಇರುತ್ತದೆ ಅನ್ನುವವರು ಸಿಗುತ್ತಾರೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳಲ್ಲಿ ಟ್ರ್ಯಾಕ್ಟರ್ ಬ್ಲೋಯರ್‌ನಿಂದ ಔಷಧಿ ಹೊಡೆಯುವವರು, ಜಲ್ಲಿ ಕ್ರಷರ್‌ನಲ್ಲಿ ಕೂಲಿ ಮಾಡುವವರು, ಬೋರ್‌ವೆಲ್ ಲಾರಿಯ ಜೊತೆ ಊರೂರು ತಿರುಗುವ ಹುಡುಗರು, ಎಲ್ಲರೂ ಇದೇ ತೊಂದರೆಯನ್ನು ಬೇರೆ ಬೇರೆ ಥರ ಹೇಳುತ್ತಾರೆ. ಒಬ್ಬರಿಗೆ ಗುಂಯ್. ಇನ್ನೊಬ್ಬರಿಗೆ ಕೀ ಅನ್ನುವ ಜೀರುಂಡೆ ಸದ್ದು. ಮತ್ತೊಬ್ಬರಿಗೆ ಬರೀ ಸುಯ್. ಚಿಂತಾಮಣಿ ಕಡೆ ಮನೆಯಲ್ಲಿ ತೆಲುಗು ಆಡುವವರು ‘ಚೆವಿಲೋ ಹೋರು’ ಅನ್ನುತ್ತಾರೆ. ಡಾಕ್ಟರ ಚೀಟಿಯಲ್ಲಿ ಇದರ ಹೆಸರು ಟಿನ್ನಿಟಸ್. ಹೊರಗೆ ಸದ್ದೇ ಇಲ್ಲದಿದ್ದರೂ ಕಿವಿಯಲ್ಲೋ ತಲೆಯಲ್ಲೋ ಸದ್ದು ಕೇಳಿಸುವುದು ಅಂತ ಅರ್ಥ.

ನಮ್ಮಲ್ಲಿ ಬಹಳಷ್ಟು ಜನ ಇದಕ್ಕೆ ಕಾರಣ ಹುಡುಕುವುದು ಪಿತ್ತದಲ್ಲಿ, ಉಷ್ಣದಲ್ಲಿ, ನರದೌರ್ಬಲ್ಯದಲ್ಲಿ. ಮೆಡಿಕಲ್ ಶಾಪಿಗೆ ಹೋಗಿ ‘ನರಕ್ಕೆ ಶಕ್ತಿ ಬರೋದು ಏನಾದ್ರೂ ಕೊಡಿ’ ಅಂತ ಕೇಳಿ ಮಾತ್ರೆ ತರುತ್ತಾರೆ. ನಿಜವಾದ ಕಾರಣ ಮಾತ್ರ ದಿನಾ ಎಂಟು ಗಂಟೆ ಅವರ ಎದುರಿಗೇ ಓಡುತ್ತಿರುತ್ತದೆ.

ಮೊದಲು ಧೈರ್ಯದ ಮಾತು. ಟಿನ್ನಿಟಸ್ ಕಾಯಿಲೆಯಲ್ಲ, ಲಕ್ಷಣ. ಬೇರೆ ಯಾವುದೋ ತೊಂದರೆಯ ಸುಳಿವು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2022ರಲ್ಲಿ ಲೆಕ್ಕ ಹಾಕಿದಾಗ, ವಯಸ್ಕರಲ್ಲಿ ನೂರಕ್ಕೆ ಸುಮಾರು 14 ಜನರಿಗೆ ಈ ಅನುಭವ ಇದೆ ಎಂದು ಕಂಡುಬಂತು. ಬದುಕು ಕಷ್ಟವಾಗುವಷ್ಟು ಕಾಡುವುದು ನೂರಕ್ಕೆ ಇಬ್ಬರನ್ನು ಮಾತ್ರ. ‘ನನಗೆ ತಲೆ ಕೆಡ್ತಾ ಇದೆಯಾ?’ ಎಂಬ ಹೆದರಿಕೆಯಿಂದಲೇ ಕೆಲವರು ಮನೆಯವರಿಗೂ ಹೇಳದೆ ಸುಮ್ಮನಿರುತ್ತಾರೆ. ಹಾಗೇನಿಲ್ಲ. ಟಿನ್ನಿಟಸ್‌ನಲ್ಲಿ ಕೇಳುವುದು ಅರ್ಥವಿಲ್ಲದ ಬರೀ ಸದ್ದು. ಯಾರೋ ಮಾತಾಡಿದ ಹಾಗೆ, ಬೈದ ಹಾಗೆ ಕೇಳಿಸಿದರೆ ಅದು ಬೇರೆ ವಿಷಯ. ಅದಕ್ಕೆ ಮನೋವೈದ್ಯರಿದ್ದಾರೆ.

ಒಳಗೆ ಏನು ನಡೆಯುತ್ತದೆ?

ಸದ್ದು ಎಂದರೆ ಗಾಳಿಯ ಕಂಪನ. ಅದು ಕಿವಿಯ ತಮಟೆಗೆ ಬಡಿಯುತ್ತದೆ. ತಮಟೆಯ ಹಿಂದೆ ಮೂರು ಪುಟ್ಟ ಮೂಳೆಗಳಿವೆ. ಅವು ಆ ಕಂಪನವನ್ನು ಒಳಗಿವಿಗೆ ದಾಟಿಸುತ್ತವೆ. ಅಲ್ಲಿರುವುದು ಕಾಕ್ಲಿಯ, ಅಂದರೆ ಶಂಖದ ಹಾಗೆ ಸುರುಳಿ ಸುತ್ತಿಕೊಂಡ, ದ್ರವ ತುಂಬಿದ ಕೊಳವೆ. ಅದರೊಳಗೆ ಸುಮಾರು 15,000 ಹೇರ್ ಸೆಲ್‌ಗಳಿವೆ. ಕೂದಲಿನಂಥ ತುದಿಗಳಿರುವ ಸೂಕ್ಷ್ಮ ಜೀವಕೋಶಗಳು ಇವು. ಕಂಪನವನ್ನು ನರದ ಸಂಕೇತವಾಗಿ ಬದಲಿಸಿ ಮೆದುಳಿಗೆ ಕಳಿಸುವುದು ಇವುಗಳ ಕೆಲಸ. ಸುರುಳಿಯ ಬುಡದಲ್ಲಿರುವವು ಕೀರಲು ಸದ್ದನ್ನು ಹಿಡಿಯುತ್ತವೆ, ತುದಿಯಲ್ಲಿರುವವು ದಪ್ಪ ಸದ್ದನ್ನು. ಮನುಷ್ಯರಲ್ಲಿ ಈ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಕೆಲವು ಕೋಶಗಳು ಹಾಳಾದಾಗ ಆ ಭಾಗದಿಂದ ಮೆದುಳಿಗೆ ಸಂಕೇತ ಬರುವುದು ಕಡಿಮೆಯಾಗುತ್ತದೆ. ಮೆದುಳು ಸುಮ್ಮನೆ ಕೂರುವುದಿಲ್ಲ, ಬರುತ್ತಿಲ್ಲದ ಸದ್ದನ್ನು ಹಿಡಿಯಲು ತನ್ನ ಕಡೆಯಿಂದ ಜೋರು ಮಾಡುತ್ತದೆ. ಸ್ಟೇಷನ್ ಸರಿಯಾಗಿ ಸಿಗದ ರೇಡಿಯೋದ ವಾಲ್ಯೂಮ್ ತಿರುಗಿಸುತ್ತ ಹೋದರೆ ಹಾಡು ಬರದೆ ಬರೀ ಕೊರ್ ಅನ್ನುವುದು ಜೋರಾಗುತ್ತದಲ್ಲ, ಹಾಗೆ. ಇಂದು ಹೆಚ್ಚಿನ ತಜ್ಞರು ಒಪ್ಪುವ ವಿವರಣೆ ಇದು. ಬಹಳ ಮಂದಿಯಲ್ಲಿ ಕಿವಿಯ ಗುಂಯ್ ಮತ್ತು ಕಿವಿ ಮಂದವಾಗುವುದು ಒಟ್ಟೊಟ್ಟಿಗೇ ಬರುವುದಕ್ಕೂ ಇದೇ ಕಾರಣ. ತಮಗೆ ಕಿವಿ ಮಂದವಾಗಿದೆ ಎಂದು ಅವರಿಗೆ ಗೊತ್ತೇ ಇರದಿರಬಹುದು.

‘ರಾತ್ರಿ ಹೊತ್ತೇ ಯಾಕೆ ಜಾಸ್ತಿ?’ ಎಂದು ಎಲ್ಲರೂ ಕೇಳುತ್ತಾರೆ. ರಾತ್ರಿ ಸದ್ದು ಜಾಸ್ತಿಯಾಗುವುದಿಲ್ಲ, ಸುತ್ತಲಿನ ಸದ್ದು ಕಡಿಮೆಯಾಗುತ್ತದೆ. 1953ರಲ್ಲಿ ಅಮೆರಿಕದ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಸಂಶೋಧಕರು ಕಿವಿ ಚೆನ್ನಾಗಿ ಕೇಳುವ 80 ಜನರನ್ನು ಸದ್ದೇ ಇಲ್ಲದ ಕೋಣೆಯಲ್ಲಿ ಕೂರಿಸಿ, ಏನು ಕೇಳಿಸುತ್ತದೆ ಎಂದು ಕೇಳಿದರು. ನೂರಕ್ಕೆ 94ರಷ್ಟು ಮಂದಿ ಒಂದಲ್ಲ ಒಂದು ಸದ್ದು ಕೇಳಿಸಿತು ಎಂದರು. ಹಾಗಾಗಿ ಎಂದೋ ಒಮ್ಮೆ ಒಂದು ಕಿವಿಯಲ್ಲಿ ಕೀ ಎಂದು ಅರ್ಧ ನಿಮಿಷದಲ್ಲಿ ನಿಂತುಹೋದರೆ ಡಾಕ್ಟರ ಹತ್ತಿರ ಓಡಬೇಕಿಲ್ಲ. ದಿನಾ ಬಂದರೆ, ಬಂದದ್ದು ಹೋಗದೆ ನಿಂತರೆ, ತೋರಿಸಬೇಕು.

ದುಡಿಮೆಯ ಸದ್ದು

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ನಾನು ಮೊದಲು ಅನುಮಾನ ಪಡುವುದು ದುಡಿಮೆಯನ್ನು. ಸದ್ದನ್ನು ಅಳೆಯುವ ಅಳತೆ ಡೆಸಿಬೆಲ್. ಇದರದ್ದು ಮಾಮೂಲಿ ಕೂಡುಲೆಕ್ಕವಲ್ಲ. 3 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಎರಡು ಪಟ್ಟಾಗುತ್ತದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದು ಎನ್ನುವುದು ಜಗತ್ತಿನಲ್ಲಿ ಸಾಮಾನ್ಯವಾಗಿ ಒಪ್ಪಿರುವ ಮಿತಿ. 88 ಆದರೆ 4 ಗಂಟೆ. 91 ಆದರೆ 2 ಗಂಟೆ. 100 ಆದರೆ ಬರೀ 15 ನಿಮಿಷ. ನಮ್ಮ ದೇಶದ ಕಾರ್ಖಾನೆ ನಿಯಮಗಳು ಇನ್ನೂ ಸಡಿಲ: 8 ಗಂಟೆಗೆ 90 ಡೆಸಿಬೆಲ್ ತನಕ ಬಿಟ್ಟಿವೆ. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್ ಭಾರ ಎಳೆಯುವಾಗ ಡ್ರೈವರ್ ಸೀಟಿನಲ್ಲಿ ಸದ್ದು 90 ಮುಟ್ಟುವುದು ಅಪರೂಪವೇನಲ್ಲ. ವಿದ್ಯುತ್ ಮಗ್ಗದ ಶೆಡ್ಡುಗಳದ್ದೂ ಅದೇ ಕಥೆ; ಅಲ್ಲಿ ಅದನ್ನೂ ದಾಟುತ್ತದೆ.

ಅಳೆಯುವ ಯಂತ್ರ ನಿಮ್ಮ ಹತ್ತಿರ ಇಲ್ಲ. ಬೇಡ. ಒಂದು ಕೈ ದೂರದಲ್ಲಿ ನಿಂತವರ ಜೊತೆ ಮಾತಾಡಲು ಕೂಗಬೇಕಾಗಿ ಬಂದರೆ ಅಲ್ಲಿನ ಸದ್ದು 85 ದಾಟಿದೆ ಎಂದೇ ತಿಳಿಯಿರಿ. ರೇಷ್ಮೆಯ ಕೆಲಸದಲ್ಲೂ ಎಲ್ಲ ಕಡೆ ಒಂದೇ ಸದ್ದಿಲ್ಲ. ಚರಕದ ಮುಂದೆ ನೂಲು ಬಿಚ್ಚುವವರಿಗೆ ಬಿಸಿನೀರು, ಹೊಗೆಯ ಕಷ್ಟ ಹೆಚ್ಚು, ಸದ್ದು ಕಡಿಮೆ. ಹುರಿ ಮಷಿನ್‌ಗಳ ಶೆಡ್ಡಿನಲ್ಲಿ ನೂರಾರು ಕದಿರುಗಳು ಒಟ್ಟಿಗೆ ತಿರುಗುತ್ತವೆ. ಮೇಲೆ ತಗಡಿನ ಚಾವಣಿ. ಕರೆಂಟು ಹೋದರೆ ಪಕ್ಕದಲ್ಲೇ ಜನರೇಟರ್. ಸದ್ದಿಗೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ.

ಕಲ್ಲು ಗಣಿಯ ವಿಷಯ ಬಂದರೆ ಚಿಕ್ಕಬಳ್ಳಾಪುರದವರಿಗೆ 2021ರ ಫೆಬ್ರುವರಿ ನೆನಪಾಗುತ್ತದೆ. ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸ್ಫೋಟಿಸಿ ಆರು ಜನ ಸತ್ತರು. ಅದಾದ ಮೇಲೆ ಗಣಿಯ ಅಪಾಯದ ಬಗ್ಗೆ ಬಹಳ ಮಾತು ನಡೆಯಿತು, ನಡೆಯಬೇಕಾದದ್ದೇ. ದಿನವೂ ಡ್ರಿಲ್ ಹಿಡಿದು ನಿಲ್ಲುವವನ ಕಿವಿಯ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ. ಕಿವಿ ಒಂದು ದಿನದಲ್ಲಿ ಹೋಗುವುದಿಲ್ಲವಲ್ಲ, ಅದಕ್ಕೆ ಇರಬೇಕು.

ಸದ್ದಿನ ಹೊಡೆತ ಮೊದಲು ಬೀಳುವುದು 4,000 ಹರ್ಟ್ಸ್ ಸುತ್ತಲಿನ ಕೀರಲು ಸದ್ದುಗಳನ್ನು ಹಿಡಿಯುವ ಕೋಶಗಳಿಗೆ. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ. ಮಾತಿನಲ್ಲಿ ಸ, ಶ, ಚ ಮುಂತಾದ ಧ್ವನಿಗಳು ಹೆಚ್ಚಾಗಿ ಈ ಎತ್ತರದ ಕಡೆಗಿರುತ್ತವೆ. ‘ನೀನು ಮಾತಾಡೋದು ಕೇಳುತ್ತೆ, ಏನಂದೆ ಅಂತ ಗೊತ್ತಾಗಲ್ಲ’ ಎಂದು ಮನೆಯ ಯಜಮಾನರು ಹೇಳತೊಡಗಿದರೆ ಅದು ಮೊಂಡುತನವಲ್ಲ, ಕಿವಿಯ ತೊಂದರೆ. ವಯಸ್ಸಾದಂತೆ ಕಿವಿ ಮಂದವಾಗುವುದೂ ಹೀಗೇ ಕೀರಲು ಸದ್ದಿನಿಂದ ಶುರುವಾಗುತ್ತದೆ. ಹತ್ತಾರು ವರ್ಷ ಮಷಿನ್ ಪಕ್ಕ ದುಡಿದವರಿಗೆ ಎರಡೂ ಸೇರಿಕೊಳ್ಳುತ್ತವೆ.

ಕೂಲಿಯವರಿಗಷ್ಟೇ ಇದು ಅಂದುಕೊಳ್ಳಬೇಡಿ. ಗಣೇಶನ ಮೆರವಣಿಗೆಯಲ್ಲಿ, ಮದುವೆಯಲ್ಲಿ ಡಿಜೆ ಸೆಟ್ಟಿನ ಮುಂದೆ ಸದ್ದು 100 ದಾಟುತ್ತದೆ. ಅಲ್ಲಿ ಎಷ್ಟು ಹೊತ್ತು ನಿಲ್ಲಬಹುದು ಎಂದು ಮೇಲೆ ಹೇಳಿದ್ದೇನೆ. ‘ಕುಣಿದು ಬಂದ ರಾತ್ರಿ ಕಿವಿ ಗುಂಯ್ ಅಂತು, ಬೆಳಿಗ್ಗೆ ಸರಿಹೋಯ್ತು, ಹಾಗಾದ್ರೆ ಏನೂ ಆಗಿಲ್ಲ ತಾನೆ?’ ಎಂದು ಹುಡುಗರು ಕೇಳುತ್ತಾರೆ. ಸರಿಹೋದದ್ದು ನಿಜ. ಆದರೆ ಆ ಗುಂಯ್ ಕಿವಿಗೆ ಏಟು ಬಿದ್ದ ಗುರುತು. ಮತ್ತೆ ಮತ್ತೆ ಬಿದ್ದರೆ ಒಂದು ಸಲ ಬೆಳಿಗ್ಗೆಯೂ ಹೋಗುವುದಿಲ್ಲ. ಬೆಂಗಳೂರಿಗೆ ದಿನಾ ಬಸ್ಸಿನಲ್ಲೋ ರೈಲಿನಲ್ಲೋ ಓಡಾಡುವವರು ಇಂಜಿನ್ ಸದ್ದು ಮೀರಲು ಇಯರ್‌ಫೋನ್ ವಾಲ್ಯೂಮ್ ಏರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸುರಕ್ಷಿತ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಫೋನಿನ ವಾಲ್ಯೂಮ್ ಅರ್ಧಕ್ಕಿಂತ ತುಸು ಮೇಲೆ ನಿಲ್ಲಿಸಿದರೆ ಸಾಕು.

ಗುಗ್ಗೆ, ಎಣ್ಣೆ, ಬಡ್ಸ್

ಎಲ್ಲ ಕಾರಣಗಳಿಗಿಂತ ಸುಲಭವಾಗಿ ಸರಿಹೋಗುವುದು ಗುಗ್ಗೆ. ಅದು ಕೊಳೆಯಲ್ಲ. ಕಿವಿಯ ಚರ್ಮವನ್ನು ಕಾಯಲು ದೇಹವೇ ಮಾಡಿಕೊಳ್ಳುವ ಮೇಣ. ಸಾಮಾನ್ಯವಾಗಿ ತಾನೇ ಒಣಗಿ ಉದುರಿಹೋಗುತ್ತದೆ. ನಾವು ಬಡ್ಸ್ ಹಾಕಿ, ಬೆಂಕಿಕಡ್ಡಿ ಹಾಕಿ, ಹೇರ್‌ಪಿನ್ ಹಾಕಿ ತೆಗೆಯುತ್ತೇವೆ ಅಂದುಕೊಂಡು ಒಳಕ್ಕೆ ತಳ್ಳುತ್ತೇವೆ. ಅದು ತಮಟೆಯ ಹತ್ತಿರ ಗಟ್ಟಿಯಾಗಿ ಕೂತಾಗ ಕಿವಿ ಮುಚ್ಚಿದ ಹಾಗಾಗಿ ಗುಂಯ್ ಶುರುವಾಗುತ್ತದೆ. ತಲೆಗೆ ಸ್ನಾನ ಮಾಡಿದ ದಿನ ಗುಗ್ಗೆ ನೀರು ಕುಡಿದು ಉಬ್ಬುವುದರಿಂದ ಇದು ಹೆಚ್ಚಾಗುತ್ತದೆ.

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡುವುದು ನಮ್ಮ ಮನೆಗಳಲ್ಲಿ ಅಜ್ಜಿಯರ ಕಾಲದಿಂದ ಬಂದದ್ದು. ತಮಟೆ ಗಟ್ಟಿಯಾಗಿದ್ದರೆ, ಎಣ್ಣೆ ಉಗುರುಬೆಚ್ಚಗಿದ್ದರೆ ಗುಗ್ಗೆ ಮೆತ್ತಗಾಗಬಹುದು, ಅಷ್ಟೇ. ತಮಟೆಯಲ್ಲಿ ತೂತಿದ್ದರೆ ಅದೇ ಎಣ್ಣೆ ಒಳಗಿಳಿದು ಸೋಂಕು ತರುತ್ತದೆ. ತೂತಿದೆಯೋ ಇಲ್ಲವೋ ಎಂದು ಮನೆಯಲ್ಲಿ ನೋಡಲಾಗುವುದಿಲ್ಲ. ಆಯುರ್ವೇದದಲ್ಲಿ ಕರ್ಣನಾದ ಎಂಬ ಹೆಸರಿನಲ್ಲಿ ಈ ತೊಂದರೆಯ ವಿವರಣೆ ಇದೆ, ಕಿವಿಗೆ ಎಣ್ಣೆ ತುಂಬುವ ಕರ್ಣಪೂರಣವೂ ಇದೆ. ಅದನ್ನು ಮಾಡಿಸಿಕೊಳ್ಳುವವರೂ ಮೊದಲು ಯಾರಾದರೂ ಡಾಕ್ಟರ ಹತ್ತಿರ ತಮಟೆ ತೋರಿಸಿ ಹೋಗಲಿ ಎನ್ನುವುದು ನನ್ನ ಅಭಿಪ್ರಾಯ. ರಸ್ತೆ ಬದಿಯಲ್ಲಿ, ಜಾತ್ರೆಯಲ್ಲಿ ಕಡ್ಡಿ ಹಿಡಿದು ಕಿವಿ ಶುದ್ಧ ಮಾಡುವವರ ಕೈಗೆ ಕಿವಿ ಕೊಡಲೇಬೇಡಿ.

ಉಳಿದ ಕಾರಣಗಳು

ಚಿಕ್ಕಂದಿನಿಂದ ಕಿವಿ ಸೋರುತ್ತಿದ್ದವರಿಗೆ ತಮಟೆಯ ತೂತು, ಮೂಳೆಗಳ ಸವೆತದಿಂದ ಗುಂಯ್ ಬರುತ್ತದೆ. ನೆಗಡಿಯಾದಾಗ ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಸಣ್ಣ ನಳಿಕೆ ಕಟ್ಟಿಕೊಂಡು ಬರುವ ಗುಂಯ್ ನೆಗಡಿಯ ಜೊತೆಗೇ ಹೋಗುತ್ತದೆ. ಓಟೋಸ್ಕ್ಲೀರೋಸಿಸ್ ಎಂಬುದು ಕಿವಿಯ ಮೂರನೇ ಮೂಳೆ ಅಲುಗಾಡದಂತೆ ಬಿಗಿದುಕೊಳ್ಳುವ ತೊಂದರೆ. ಇದು ವಂಶದಲ್ಲಿ ಬರಬಹುದು, ಹೆಂಗಸರಲ್ಲಿ ಹೆಚ್ಚು. ಬಾಣಂತನದ ನಂತರ ಕಿವಿ ಮಂದವಾಯಿತು ಎನ್ನುವವರು ಇದನ್ನು ಕೇಳಿ ತಿಳಿಯಬೇಕು, ಆಪರೇಷನ್ ಇದೆ.

ಔಷಧಿಗಳಿಂದಲೂ ಬರುತ್ತದೆ. ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್‌ಗಳು ಒಳಗಿವಿಗೆ ಪೆಟ್ಟು ಕೊಡಬಲ್ಲವು. ಹಿಂದೆ ಕ್ಷಯಕ್ಕೆ ತಿಂಗಳುಗಟ್ಟಲೆ ಇಂಜೆಕ್ಷನ್ ತೆಗೆದುಕೊಂಡವರಲ್ಲಿ ಕಿವಿ ಕಳೆದುಕೊಂಡವರಿದ್ದಾರೆ. ಈಗ ಕ್ಷಯದ ಚಿಕಿತ್ಸೆ ಬಹುಮಟ್ಟಿಗೆ ಮಾತ್ರೆಗಳಲ್ಲೇ ಆಗುತ್ತದೆ. ಕ್ಯಾನ್ಸರ್‌ಗೆ ಕೊಡುವ ಸಿಸ್‌ಪ್ಲಾಟಿನ್, ಮಲೇರಿಯಾದ ಕ್ವಿನೈನ್, ಹೆಚ್ಚು ಪ್ರಮಾಣದ ಆಸ್ಪಿರಿನ್ ಕೂಡ ಈ ಪಟ್ಟಿಯಲ್ಲಿವೆ. ಆಸ್ಪಿರಿನ್‌ನಿಂದ ಬಂದದ್ದು ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಹಾಗೆಂದು ಹೃದಯಕ್ಕೆ ಡಾಕ್ಟರು ಬರೆದ ಸಣ್ಣ ಆಸ್ಪಿರಿನ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಆ ಪ್ರಮಾಣ ಕಿವಿಗೆ ತೊಂದರೆ ಕೊಡುವುದು ಅಪರೂಪ, ನಿಲ್ಲಿಸಿದರೆ ಹೃದಯಕ್ಕೆ ಆಗುವ ಅಪಾಯ ದೊಡ್ಡದು.

ಸದ್ದು ಗುಂಯ್ ಅನ್ನದೆ ನಾಡಿಯ ಜೊತೆ ತಾಳ ಹಾಕಿದರೆ? ಮಣಿಕಟ್ಟಿನ ನಾಡಿ ಹಿಡಿದು ನೋಡಿ. ಎರಡೂ ಒಂದೇ ಲಯದಲ್ಲಿದ್ದರೆ ನೀವು ಕೇಳುತ್ತಿರುವುದು ನಿಮ್ಮ ರಕ್ತದ ಹರಿವನ್ನೇ ಇರಬಹುದು. ರಕ್ತಹೀನತೆ, ಬಿಪಿ, ಥೈರಾಯ್ಡ್ ಹೆಚ್ಚಾಗಿ ಕೆಲಸ ಮಾಡುವುದು, ಅಪರೂಪಕ್ಕೆ ಕುತ್ತಿಗೆ ಅಥವಾ ತಲೆಯ ರಕ್ತನಾಳದ ತೊಂದರೆ, ಇವು ಕಾರಣ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯ. ಹಿಮೋಗ್ಲೋಬಿನ್ ಪರೀಕ್ಷೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ.

ಸುತ್ತಲಿನದೆಲ್ಲ ಗಿರ್ರನೆ ತಿರುಗುವ ತಲೆಸುತ್ತು, ವಾಂತಿ, ಕಿವಿ ತುಂಬಿದ ಹಾಗೆ ಅನಿಸುವುದು, ಮೊರೆತ, ಎಲ್ಲವೂ ಒಟ್ಟಿಗೆ ಬಂದು ಬಂದು ಹೋಗುತ್ತಿದ್ದರೆ ಮೆನಿಯರ್ ಕಾಯಿಲೆ ಇರಬಹುದು. ಹಲ್ಲು ಕಡಿಯುವ ಅಭ್ಯಾಸ, ದವಡೆ ಕೀಲಿನ ನೋವು, ಕುತ್ತಿಗೆ ಬಿಗಿತದಿಂದಲೂ ಗುಂಯ್ ಏರಿಳಿಯುವುದುಂಟು. ದವಡೆ ಮುಂದಕ್ಕೆ ತಂದಾಗ ಸದ್ದು ಬದಲಾದರೆ ಡಾಕ್ಟರಿಗೆ ತಪ್ಪದೆ ಹೇಳಿ. ನಿದ್ದೆಗೇಡು, ಚಿಂತೆ ಇದ್ದಾಗ ಇರುವ ಗುಂಯ್ ದೊಡ್ಡದಾಗುತ್ತದೆ.

ಯಾವಾಗ ಕಾಯಬಾರದು

ಬೆಳಿಗ್ಗೆ ಎದ್ದಾಗಲೋ, ಕೆಲಸದ ಮಧ್ಯದಲ್ಲೋ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಂತಾಗಿ ಗುಂಯ್ ಶುರುವಾದರೆ ಅದು ತುರ್ತು. ಗುಗ್ಗೆ ಇರಬಹುದು ಬಿಡು ಎಂದು ಸಂತೆ ಮುಗಿಸಿ, ಹಬ್ಬ ಮುಗಿಸಿ ಹೋಗುವುದಲ್ಲ. ಇದಕ್ಕೆ ಸ್ಟೀರಾಯ್ಡ್ ಔಷಧಿ ಇದೆ. ಆದಷ್ಟು ಬೇಗ, ಮೊದಲ ಎರಡು ಮೂರು ದಿನಗಳಲ್ಲೇ ಶುರುವಾದರೆ ಒಳ್ಳೆಯದು. ಎರಡು ವಾರ ಕಳೆದರೆ ಪ್ರಯೋಜನ ಬಹಳ ಇಳಿಯುತ್ತದೆ. ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲು ಸೋಲುವುದು ಜೊತೆಗಿದ್ದರೆ 108ಕ್ಕೆ ಫೋನ್ ಮಾಡಿ. ತಲೆಗೆ ಪೆಟ್ಟು ಬಿದ್ದ ಮೇಲೆ ಬಂದ ಗುಂಯ್‌ಗೂ ಆಸ್ಪತ್ರೆಯೇ ಸರಿ.

ಅಷ್ಟು ತುರ್ತಲ್ಲದಿದ್ದರೂ ಬಿಡಬಾರದ್ದು ಒಂದೇ ಕಿವಿಯ ಗುಂಯ್. ಎರಡು ಕಿವಿಯೂ ಒಂದೇ ಸದ್ದಿನಲ್ಲಿ ದುಡಿದಿರುವಾಗ ಒಂದರಲ್ಲಿ ಮಾತ್ರ ಗುಂಯ್ ನಿಂತಿದ್ದರೆ, ಆ ಕಿವಿ ಮಂದವೂ ಆಗಿದ್ದರೆ, ಕಿವಿಯ ನರದ ಮೇಲೆ ಗಡ್ಡೆ ಇದೆಯೇ ಎಂದು ನೋಡಬೇಕಾಗುತ್ತದೆ. ಇಂಥ ಗಡ್ಡೆ ಅಪರೂಪ, ಬಹುತೇಕ ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುವಂಥದ್ದು. ಎಂಆರ್‌ಐ ಬರೆಯುವುದು ಸಾಮಾನ್ಯವಾಗಿ ಇದಕ್ಕೇ. ಎರಡೂ ಕಿವಿಯಲ್ಲಿ ಸಮನಾಗಿ, ವರ್ಷಗಳಿಂದ ಬಂದ ಗುಂಯ್‌ಗೆ ಮೊದಲ ದಿನವೇ ಯಾರಾದರೂ ಎಂಆರ್‌ಐ ಬರೆದರೆ ‘ಯಾಕೆ ಬೇಕು ಸಾರ್?’ ಎಂದು ಕೇಳುವ ಹಕ್ಕು ನಿಮಗಿದೆ.

ಡಾಕ್ಟರು ಏನು ಮಾಡುತ್ತಾರೆ, ಎಷ್ಟು ಖರ್ಚು

ಇಎನ್‌ಟಿ ಎಂದರೆ ಕಿವಿ, ಮೂಗು, ಗಂಟಲಿನ ಡಾಕ್ಟರು. ಮೊದಲು ದೀಪದ ಕೊಳವೆಯಲ್ಲಿ ಕಿವಿಯೊಳಗೆ ನೋಡುತ್ತಾರೆ. ಗುಗ್ಗೆ ಇದ್ದರೆ ಮೆತ್ತಗಾಗಲು ಕೆಲವು ದಿನ ಡ್ರಾಪ್ಸ್ ಕೊಟ್ಟು, ಮೆಷಿನ್‌ನಿಂದ ಎಳೆದೋ ನೀರು ಹಾಯಿಸಿಯೋ ತೆಗೆಯುತ್ತಾರೆ. ಎಷ್ಟೋ ಜನರ ಕಥೆ ಅಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಮುಂದಿನದು ಆಡಿಯೋಗ್ರಾಂ, ಅಂದರೆ ಯಾವ ಎತ್ತರದ ಸದ್ದು ಎಷ್ಟು ಜೋರಿದ್ದರೆ ನಿಮಗೆ ಕೇಳುತ್ತದೆ ಎಂಬ ನಕ್ಷೆ. ಇದನ್ನು ತೆಗೆಯುವವರು ಆಡಿಯಾಲಜಿಸ್ಟ್. ಸದ್ದು ಒಳಬರದ ಸಣ್ಣ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸುತ್ತಾರೆ. ಸಣ್ಣ ಸದ್ದು ಕೇಳಿದಾಗಲೆಲ್ಲ ಬಟನ್ ಒತ್ತಬೇಕು. ನೋವಿಲ್ಲ, ಸೂಜಿಯಿಲ್ಲ, ಅರ್ಧ ಗಂಟೆಯ ಕೆಲಸ. ಮಷಿನ್ ಸದ್ದಿನಿಂದ ಕೆಟ್ಟ ಕಿವಿಯ ನಕ್ಷೆಯಲ್ಲಿ 4,000 ಹರ್ಟ್ಸ್ ಹತ್ತಿರ ಗೆರೆ ತಗ್ಗಿಗೆ ಇಳಿದು ಮತ್ತೆ ಮೇಲೇರುತ್ತದೆ. ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮುಂದಿನ ವರ್ಷದ್ದರ ಜೊತೆ ಹೋಲಿಸಲು ಬೇಕು. ಶಬ್ದದಿಂದ ಬಂದ ಕಿವುಡನ್ನು ನಮ್ಮ ಕಾರ್ಮಿಕ ಕಾನೂನು ಔದ್ಯೋಗಿಕ ರೋಗ ಎಂದು ಒಪ್ಪುತ್ತದೆ. ಗೌರಿಬಿದನೂರು ಕಡೆಯ ದೊಡ್ಡ ಕಾರ್ಖಾನೆಗಳಲ್ಲಿ ಇಎಸ್‌ಐ ಇರುವ ನೌಕರರಿಗೆ ಪರಿಹಾರ ಕೇಳಲು ಮೊದಲ ದಾಖಲೆ ಆ ಆಡಿಯೋಗ್ರಾಂ. ನಾಲ್ಕೈದು ಜನ ದುಡಿಯುವ ಶೆಡ್ಡಿಗೆ ಇಎಸ್‌ಐ ತಲುಪುವುದಿಲ್ಲ, ಅದೇ ದುಃಖ.

ಸರ್ಕಾರಿ ಆಸ್ಪತ್ರೆಯಲ್ಲಿ ಇದೆಲ್ಲ ಉಚಿತ ಅಥವಾ ಹೆಸರಿಗಷ್ಟೇ ಶುಲ್ಕ. ಖಾಸಗಿಯಲ್ಲಿ ಡಾಕ್ಟರ ಫೀಸು, ಆಡಿಯೋಗ್ರಾಂ ಒಂದೊಂದಕ್ಕೂ ಕೆಲವು ನೂರು ರೂಪಾಯಿ. ಎಂಆರ್‌ಐ ಮಾತ್ರ ಹಲವು ಸಾವಿರ.

ಇನ್ನು ಮಾತ್ರೆಯ ವಿಷಯ. ಇಲ್ಲಿ ಸ್ವಲ್ಪ ಖಡಾಖಂಡಿತವಾಗಿ ಹೇಳುತ್ತೇನೆ. ಗುಂಯ್ ಒಂದನ್ನೇ ಅಳಿಸುವ ಮಾತ್ರೆ ಇವತ್ತಿನ ತನಕ ಜಗತ್ತಿನಲ್ಲಿ ಇಲ್ಲ. ತಲೆಸುತ್ತಿಗೆ ಕೊಡುವ ಬೀಟಾಹಿಸ್ಟಿನ್ ಅನ್ನು ಗುಂಯ್‌ಗೂ ಬರೆಯುವ ರೂಢಿ ಇದೆ. ಅದುವರೆಗಿನ ಪರೀಕ್ಷೆಗಳನ್ನೆಲ್ಲ ಸೇರಿಸಿ 2018ರಲ್ಲಿ ನೋಡಿದಾಗ ಗುಂಯ್ ಕಡಿಮೆ ಮಾಡುತ್ತದೆ ಎನ್ನಲು ಪುರಾವೆ ಸಿಗಲಿಲ್ಲ. ಅಮೆರಿಕದ ಇಎನ್‌ಟಿ ವೈದ್ಯರ ಸಂಘ 2014ರಲ್ಲಿ ಹೊರಡಿಸಿದ ಮಾರ್ಗಸೂಚಿ ಗಿಂಕೊ, ಸತು, ಮೆಲಟೋನಿನ್‌ಗಳನ್ನು ಇದಕ್ಕೆ ಬರೆಯಬೇಡಿ ಎಂದೇ ಹೇಳುತ್ತದೆ. ಬಿ12 ಕೊರತೆ ಪರೀಕ್ಷೆಯಲ್ಲಿ ಕಂಡವರು ಬಿ12 ತೆಗೆದುಕೊಳ್ಳಲಿ. ಕಾಣದವರು ನರದ ಮಾತ್ರೆಗೆ ತಿಂಗಳು ತಿಂಗಳು ಸುರಿಯುವ ಹಣದಲ್ಲಿ ಆಡಿಯೋಗ್ರಾಂ ಮಾಡಿಸಿಕೊಳ್ಳಬಹುದಿತ್ತು.

ಹಾಗಾದರೆ ಉಪಾಯವೇ ಇಲ್ಲವೇ? ಇದೆ. ಕಿವಿ ಮಂದವಾಗಿದ್ದರೆ ಶ್ರವಣಯಂತ್ರ, ಅಂದರೆ ಹಿಯರಿಂಗ್ ಏಡ್. ಹೊರಗಿನ ಸದ್ದು ಸರಿಯಾಗಿ ಬರತೊಡಗಿದರೆ ಬಹಳ ಜನರಿಗೆ ಒಳಗಿನ ಗುಂಯ್ ಹಿಂದೆ ಸರಿಯುತ್ತದೆ. ಕಿವಿಯ ಹಿಂದೆ ಕೂರುವ ಡಿಜಿಟಲ್ ಯಂತ್ರ ಖಾಸಗಿಯಲ್ಲಿ ಹತ್ತಾರು ಸಾವಿರ ರೂಪಾಯಿಯ ಮಾತು. ಆನ್‌ಲೈನಿನಲ್ಲಿ ಸಾವಿರ ರೂಪಾಯಿಗೆ ಬರುವುದು ನಿಮ್ಮ ಆಡಿಯೋಗ್ರಾಂಗೆ ಹೊಂದಿಸಿದ್ದಲ್ಲ. ಅದು ಎಲ್ಲ ಸದ್ದನ್ನೂ ಒಂದೇ ಸಮ ಏರಿಸುತ್ತದೆ, ಕೊಳ್ಳಬೇಡಿ. ಎರಡನೆಯದು ಮಲಗುವಾಗ ಕೋಣೆಯಲ್ಲಿ ಸಣ್ಣ ಸದ್ದು ಇಟ್ಟುಕೊಳ್ಳುವುದು. ಫ್ಯಾನ್ ಆಗಬಹುದು, ಮಳೆಯ ಸದ್ದಿನ ಆ್ಯಪ್ ಆಗಬಹುದು, ತಗ್ಗಿಸಿಟ್ಟ ಆಕಾಶವಾಣಿ ಆಗಬಹುದು. ಗುಂಯ್ ಮುಳುಗಿಹೋಗುವಷ್ಟು ಜೋರು ಬೇಡ, ಅದಕ್ಕಿಂತ ತುಸು ಕೆಳಗಿರಲಿ. ಮೂರನೆಯದು ಸಿಬಿಟಿ ಎಂಬ ಮಾತಿನ ಚಿಕಿತ್ಸೆ. ಸದ್ದು ಹೋಗದಿದ್ದರೂ ಅದರ ಬಗೆಗಿನ ಹೆದರಿಕೆ, ಸಿಟ್ಟು ಇಳಿಸುವ ತರಬೇತಿ ಇದು. ಗುಂಯ್‌ನಿಂದ ಆಗುವ ಸಂಕಟ ಇಳಿಸುವುದರಲ್ಲಿ ಹೆಚ್ಚು ಪುರಾವೆ ಇರುವುದು ಇದಕ್ಕೇ. ಹೆಚ್ಚಿನವರಲ್ಲಿ ತಿಂಗಳುಗಳು ಕಳೆದಂತೆ ಮೆದುಳು ಗುಂಯ್ ಕಡೆ ಗಮನ ಕೊಡುವುದನ್ನು ತಾನೇ ಬಿಡುತ್ತದೆ. ನಿದ್ದೆಯೇ ಬಾರದೆ, ಬದುಕು ಸಾಕು ಅನಿಸುವಷ್ಟಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಉಚಿತ.

ಎಲ್ಲಿಗೆ ಹೋಗುವುದು

ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದವರು ತಮ್ಮ ತಾಲ್ಲೂಕು ಆಸ್ಪತ್ರೆಯಿಂದ ಶುರು ಮಾಡಿ. ಇಎನ್‌ಟಿ ಡಾಕ್ಟರು ಯಾವ ದಿನ ಇರುತ್ತಾರೆ ಎಂದು ಕೌಂಟರಿನಲ್ಲಿ ಮೊದಲೇ ಕೇಳಿಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ. ಅಲ್ಲಿಂದ ಮುಂದೆ ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆ. ಮುದ್ದೇನಹಳ್ಳಿಯ ಸತ್ಯಸಾಯಿ ಗ್ರಾಮದಲ್ಲಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮಧುಸೂದನ ಸಾಯಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ಚಿಂತಾಮಣಿಯವರಿಗೆ ಕೋಲಾರದ ಟಮಕದಲ್ಲಿರುವ ಆರ್.ಎಲ್. ಜಾಲಪ್ಪ ಆಸ್ಪತ್ರೆ ಹತ್ತಿರವಾಗುತ್ತದೆ. ಗೌರಿಬಿದನೂರಿನವರು ರೈಲು ಹತ್ತಿ ಬೆಂಗಳೂರಿಗೇ ಹೋಗುವುದು ಹೆಚ್ಚು. ಅವರಿಗೆ ವಿಕ್ಟೋರಿಯಾ ಆಸ್ಪತ್ರೆ ಆವರಣದ ಶ್ರೀ ವೆಂಕಟೇಶ್ವರ ಇಎನ್‌ಟಿ ಸಂಸ್ಥೆ ಇದೆ, ಹೆಣ್ಣೂರು ರಸ್ತೆಯಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ. ಎಲ್ಲೂ ಬಗೆಹರಿಯದ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1965ರಲ್ಲಿ ಶುರುವಾದ ಈ ಕೇಂದ್ರ ಸರ್ಕಾರದ ಸಂಸ್ಥೆಗೆ ದೇಶದ ಎಲ್ಲ ಕಡೆಯಿಂದ ಜನ ಬರುತ್ತಾರೆ. ನಮ್ಮ ರಾಜ್ಯದಲ್ಲೇ ಇರುವುದನ್ನು ನಾವು ಬಳಸಿಕೊಳ್ಳುವುದು ಕಡಿಮೆ.

ಹೋಗುವಾಗ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ. ಒಂದು ಕಿವಿಯೋ ಎರಡೋ, ಯಾವಾಗಿನಿಂದ, ನಾಡಿಯ ಲಯವಿದೆಯೋ, ತಲೆಸುತ್ತಿದೆಯೋ ಎಂದು ಬರೆದುಕೊಂಡು ಹೋಗಿ. ಯಾವ ಕೆಲಸ, ಎಷ್ಟು ವರ್ಷದಿಂದ ಎಂಬುದನ್ನು ಡಾಕ್ಟರು ಕೇಳದಿದ್ದರೂ ಹೇಳಿ. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಕಿವಿಯ ಆಪರೇಷನ್ ಬೇಕಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬರುತ್ತದೆಯೇ ಎಂದು ಅಲ್ಲೇ ವಿಚಾರಿಸಬಹುದು. ಗುಂಯ್ ಒಂದಕ್ಕೇ ಅಂಗವಿಕಲ ಪ್ರಮಾಣಪತ್ರ ಸಿಗುವುದಿಲ್ಲ. ಕಿವುಡು ಶೇಕಡ 40 ಅಥವಾ ಹೆಚ್ಚು ಎಂದು ಅಂಗವಿಕಲರ ಯುಡಿಐಡಿ ಗುರುತಿನ ಕಾರ್ಡಿನಲ್ಲಿ ದಾಖಲಾದರೆ, ಆದಾಯದ ಮಿತಿಯೊಳಗಿರುವವರಿಗೆ ಕೇಂದ್ರದ ಅಡಿಪ್ ಯೋಜನೆಯಲ್ಲಿ ಶ್ರವಣಯಂತ್ರ ಉಚಿತವಾಗಿ ಸಿಗುತ್ತದೆ.

ಈಗಲೂ ಮಷಿನ್ ಪಕ್ಕ ದುಡಿಯುತ್ತಿರುವವರಿಗೆ ಇನ್ನೊಂದು ಮಾತು. ಹೋದ ಕಿವಿ ಬಾರದಿದ್ದರೂ ಉಳಿದದ್ದನ್ನು ಕಾಯಬಹುದು. ಸ್ಪಂಜಿನಂಥ ಇಯರ್‌ಪ್ಲಗ್ ಒಂದು ಜೊತೆಗೆ ಹತ್ತಿಪ್ಪತ್ತು ರೂಪಾಯಿ. ಸೇಫ್ಟಿ ಸಾಮಾನು ಮಾರುವ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗುತ್ತದೆ. ಬೆರಳಲ್ಲಿ ಹೊಸೆದು ಸಣ್ಣದು ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಒಳಗಿಟ್ಟು, ಅದು ಉಬ್ಬಿಕೊಳ್ಳುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಕಿವಿಯ ಬಾಯಲ್ಲೇ ಮೇಲೆ ಮೇಲೆ ಸಿಕ್ಕಿಸಿದರೆ ಅರ್ಧ ಪ್ರಯೋಜನವೂ ಇಲ್ಲ. ಹತ್ತಿ ಉಂಡೆ ಸದ್ದು ತಡೆಯುವುದಿಲ್ಲ. ಕಿವಿ ಸೋರುತ್ತಿರುವವರು ಪ್ಲಗ್ ಬಿಟ್ಟು ಹೊರಗಿನಿಂದ ಮುಚ್ಚುವ ಇಯರ್‌ಮಫ್ ಹಾಕಿಕೊಳ್ಳಲಿ. ‘ಪ್ಲಗ್ ಹಾಕಿದ್ರೆ ನೂಲು ತುಂಡಾದದ್ದು, ಬೇರಿಂಗ್ ಕೂಗಿದ್ದು ಕೇಳಲ್ಲ’ ಎಂದು ಕೆಲಸಗಾರರು ಹೇಳುತ್ತಾರೆ. ಮೊದಲ ವಾರ ಹಾಗನಿಸುವುದು ನಿಜ. ಪ್ಲಗ್ ಸದ್ದನ್ನು ಪೂರ್ತಿ ಮುಚ್ಚುವುದಿಲ್ಲ, ಇಳಿಸುತ್ತದೆ ಅಷ್ಟೇ. ರೂಢಿಯಾದ ಮೇಲೆ ಮಷಿನಿನ ಸದ್ದು ಬದಲಾದದ್ದು ಗೊತ್ತಾಗುತ್ತದೆ. ಶೆಡ್ಡಿನ ಮಾಲೀಕರಾಗಿದ್ದರೆ ಜನರೇಟರನ್ನು ಗೋಡೆಯ ಆಚೆಗೆ ಹಾಕಿಸಿ, ಸವೆದ ಬೇರಿಂಗ್ ಬದಲಿಸಿ, ಒಂದೇ ಆಳು ದಿನವಿಡೀ ಒಂದೇ ಮಷಿನ್ ಪಕ್ಕ ನಿಲ್ಲದ ಹಾಗೆ ಪಾಳಿ ಬದಲಿಸಿ. ಇದಕ್ಕೆ ಬೀಳುವ ಖರ್ಚು ಒಂದು ಹಿಯರಿಂಗ್ ಏಡಿನ ಬೆಲೆಗಿಂತ ಕಡಿಮೆಯೇ ಇರಬಹುದು.